ಬ್ಯಾನಿ ಮರೀತದ, ಮಾತು ಉಳೀತದ: ಗಡಿಭಾಗದ ಹೆರಿಗೆಯ ಇತಿಹಾಸ

ನಮ್ಮೂರು ಬೋರಾಮಣಿ, ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಮ್ಯಾಲಿನ ಊರು. ಇವತ್ತಿನ ನನ್ನ ಪ್ರಶ್ನೆ ಸಣ್ಣದು: ಹೆರಿಗೆ ಛಲೋ ಆಯ್ತು ಅಥವಾ ಸಂಕಟ ಆಯ್ತು ಅಂತ ಹಡೆದಾಕೆಗೆ ಅನಿಸೋದು ಯಾವುದರಿಂದ?

ಬ್ಯಾನಿಯಿಂದ ಅಂತ ಥಟ್ಟನೆ ಹೇಳ್ತೀವಿ. ಆದರೆ 2002ರಲ್ಲಿ ಎಲೆನ್ ಹಾಡ್ನೆಟ್ ನೂರಕ್ಕೂ ಹೆಚ್ಚು ವರದಿಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ನಾಲ್ಕು ಸಂಗತಿಗಳು ನೋವಿಗಿಂತ ಮುಂದೆ ನಿಂತವು: ಆಕೆಯ ನಿರೀಕ್ಷೆ, ಸಿಕ್ಕ ಆಸರೆ, ಆರೈಕೆ ಮಾಡುವವರೊಡನೆ ಸಂಬಂಧ, ನಿರ್ಧಾರದಲ್ಲಿ ಆಕೆಯ ಪಾಲು. ಇವು ನಮ್ಮ ಭಾಗದಲ್ಲಿ ಹೇಗೆ ಬದಲಾದವು ಅನ್ನೋದನ್ನ ನೋಡೋಣ.

ವಸಾಹತು ಕಾಲದ ಬರಹಗಳಲ್ಲಿ ಸೂಲಗಿತ್ತಿ ಅಂದರೆ ಹೆಚ್ಚಾಗಿ ಕೊಳಕು, ಅಜ್ಞಾನ. ಕ್ಯಾಥರೀನ್ ಮೇಯೊ ಅವರ ‘ಮದರ್ ಇಂಡಿಯಾ’ (1927) ಆ ಚಿತ್ರವನ್ನು ಜಗತ್ತಿಗೇ ಹರಡಿತು. ಸೋಂಕಿನಿಂದ ಬಾಣಂತಿಯರು, ಕೂಸುಗಳು ಸತ್ತದ್ದು ಸುಳ್ಳಲ್ಲ. ಆದರೆ ಅಲ್ಲಿ ಹಡೆದಾಕೆಯ ಸ್ವಂತ ಮಾತು ಅಪರೂಪ.

ಅದಕ್ಕೇ ನಾನು ಆಡುಮಾತನ್ನೇ ದಾಖಲೆ ಮಾಡ್ಕೊಂಡೀನಿ. ನಮ್ಮಲ್ಲಿ ಹೆಂಗಸು ಬ್ಯಾನಿ ‘ತಿಂತಾಳ’. ಚೊಚ್ಚಲ ಹೆರಿಗೆ ತವರಿನಲ್ಲಿ. ಬೆನ್ನಿಗೆ ಅವ್ವ, ಮುಂದೆ ಪರಿಚಯದ ಸೂಲಗಿತ್ತಿ. ಐದನೇ ದಿನ ಸಟವಿ ಪೂಜೆ, ಕನ್ನಡದ ಮನೆಗೂ ಮರಾಠಿ ಮನೆಗೂ ಅದೇ ದೇವಿ. ಹಾಗಂತ ಇದು ಬಂಗಾರದ ಕಾಲವಲ್ಲ. ನಿರ್ಧಾರ ಹಿರಿಯರ ಕೈಯೊಳಗಿತ್ತು. ಕೂಸನ್ನು ಮೊದಲು ಮುಟ್ಟಿದ ಸೂಲಗಿತ್ತಿ ಎಷ್ಟೋ ಕಡೆ ಜಾತಿಯ ಕಾರಣಕ್ಕೆ ಆಮೇಲೆ ಹೊರಗೇ ಉಳಿದಳು.

ಇನ್ನು ಗಡಿಯ ಮಾತು. 1956ರ ಪುನರ್ವಿಂಗಡಣೆಯಲ್ಲಿ ಈ ಭಾಗ ಮುಂಬೈ ರಾಜ್ಯದಲ್ಲೇ ಉಳೀತು, 1960ರಲ್ಲಿ ಮಹಾರಾಷ್ಟ್ರ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಲಿ ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಅದು ಜಾರಿಗೆ ಬರಲಿಲ್ಲ. ಮನೆಮಾತು ಕನ್ನಡ, ಆಸ್ಪತ್ರೆಯ ಮಾತು ಮರಾಠಿ. 1992–93ರಲ್ಲಿ ದೇಶದ ನಾಲ್ಕು ಹೆರಿಗೆಗಳಲ್ಲಿ ಸುಮಾರು ಒಂದು ಆಸ್ಪತ್ರೆಯಲ್ಲಾಗುತ್ತಿತ್ತು. 2005ರ ಜನನಿ ಸುರಕ್ಷಾ ಯೋಜನೆಯ ನಂತರ ಇದು ಬೇಗ ಏರಿತು, 2019–21ಕ್ಕೆ ಶೇ. 88.6. ಜೀವ ಉಳಿಯೋ ಸಾಧ್ಯತೆ ಹೆಚ್ಚಾಯಿತು, ಇದನ್ನು ಗಟ್ಟಿಯಾಗಿಯೇ ಹೇಳ್ಬೇಕು. ಆದರೆ ಅವ್ವ ಬಾಗಿಲಾಚೆ ಉಳಿದಳು.

ನಾನು ಹಡೆದ ಆಸ್ಪತ್ರ್ಯಾಗ ಹಂಗೇ ಆಯ್ತು. ಸಿಸ್ಟರ್ ಮರಾಠಿಯೊಳಗ ಬೈದದ್ದು ನನಗ ತಿಳೀತಿತ್ತು, ನಮಗೆಲ್ಲ ಮರಾಠಿ ಬರ್ತದ. ಆದರ ಬ್ಯಾನ್ಯಾಗ ಬಾಯಿಗೆ ಬರೋದು ಮನೆಮಾತೇ. ಕೊಯ್ದು ಹೊಲಿಗಿ ಹಾಕಿದ್ರು. ಯಾಕ ಅಂತ ಯಾವ ಭಾಷಾದಾಗೂ ಹೇಳಲಿಲ್ಲ. ಬ್ಯಾನಿ ಮರ್ತೀನಿ, ಅದನ್ನ ಮರ್ತಿಲ್ಲ.

ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದು, ಆಕೆ ಸ್ವತಃ ಹಡೆದವಳಾಗಿರಬೇಕು ಅಂತ ಕೇಂದ್ರ ಸರ್ಕಾರ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಸೂಚಿಸಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸಂಗಾತಿ, ಗೌರವ, ತಿಳಿಯುವ ಮಾತು ಅವಶ್ಯ ಅಂದಿತು. ನಮ್ಮ ಓಣಿಗಳಿಗೆ ಇದು ಹೊಸ ವಿಚಾರವೇನಲ್ಲ. ಬಾಗಿಲಾಚೆ ನಿಂತ ಅವ್ವನನ್ನೇ ಒಳಗೆ ಕರೀರಿ ಅನ್ನೋ ಮಾತು. ಗಡಿಭಾಗದಲ್ಲಿ ಆ ಸಂಗಾತಿ ಭಾಷೆಗೂ ಸೇತುವೆ ಆಗ್ತಾಳ.

ಕೇಸ್ ಪೇಪರ್‌ನಲ್ಲಿ ಕೂಸಿನ ತೂಕ ಇರ್ತದ, ಹುಟ್ಟಿದ ಹೊತ್ತು ಇರ್ತದ. ಉಳಿದದ್ದನ್ನ ನಾವೇ ಕೇಳಿ ಬರ್ಕೋಬೇಕು. ಇವತ್ತು ನಿಮ್ಮ ನಿಮ್ಮ ಮನ್ಯಾಗ ಕೇಳ್ರಿ. ಎಷ್ಟು ತಾಸು ಬ್ಯಾನಿ ತಿಂದ್ರಿ ಅಂತ ಬ್ಯಾಡ. ಆಗ ಹತ್ರ ಯಾರಿದ್ರು, ಏನಂದ್ರು ಅಂತ.