ಕವಡೆಯಿಂದ ಫೋನಿಗೆ: ಹಾಸನ ಸೀಮೆಯ ಆಟಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಕೂತು ಆಡುವ ಆಟಕ್ಕೆ ಬಹುಕಾಲ ಬೇಕಾಗಿದ್ದದ್ದು ಒಂದು ಜಗಲಿ, ಒಂದು ಚೂರು ಇದ್ದಿಲು. ಚೌಕಾಬಾರಕ್ಕೆ 25 ಮನೆ ಗೀಚಿದರೆ ಮುಗಿಯಿತು. ಕವಡೆ ಇಲ್ಲದವರು ಹುಣಸೆಬೀಜವನ್ನು ಒರಟು ಕಲ್ಲಿಗೆ ತಿಕ್ಕುತ್ತಿದ್ದರು. ಕಂದು ಸಿಪ್ಪೆ ಸವೆದು ಒಂದು ಮಗ್ಗುಲು ಬೆಳ್ಳಗಾಗುತ್ತಿತ್ತು. ನಾಲ್ಕು ಬೀಜವೂ ಬಿಳಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಎಂಟು. ಬೀಜ ಓರೆಯಾಗಿ ನಿಂತರೆ ಜಗಳ. ಆ ಜಗಳವೂ ಆಟದ ಭಾಗವೇ. ಹೆಂಗಸರ ಮಧ್ಯಾಹ್ನಕ್ಕೆ 14 ಗುಳಿಯ ಅಳಗುಳಿ ಮಣೆ, ಶಿವರಾತ್ರಿಯ ಜಾಗರಣೆಗೆ ಪಗಡೆ. ಕೆಲಸದ ಬಿಡುವು ನೋಡಿಕೊಂಡು ಆಟ ಬರುತ್ತಿತ್ತೇ ಹೊರತು ಆಟಕ್ಕಾಗಿ ಕೆಲಸ ನಿಲ್ಲುತ್ತಿರಲಿಲ್ಲ.

ಇವು ಬರೀ ಹಳ್ಳಿಯ ಹುಡುಗಾಟವಾಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಮೈಸೂರಿನ ಅರಮನೆಯಲ್ಲಿ ಕೂತು ಹೊಸ ಮಣೆಯಾಟಗಳನ್ನೇ ರಚಿಸಿದವರು. ಪಗಡೆಯ ಬಂಧುವಾದ ಪಚೀಸಿ 19ನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಲೂಡೋ ಆಯಿತು. ಕವಡೆ ಹೋಗಿ ಆರು ಮುಖದ ದಾಳ ಬಂತು.

ಮುಂದಿನ ಆಟಗಳು ಬಂದದ್ದು ಟಿ.ವಿ.ಯ ಮೂಲಕ, ಆ ಟಿ.ವಿ.ಯ ಒಂದು ಕೊಂಡಿ ಇದ್ದದ್ದು ಹಾಸನದಲ್ಲೇ. ಅಲ್ಲಿ 1982ರಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ತಲೆಯೆತ್ತಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಹಾರಿದ ಉಪಗ್ರಹ ಇನ್ಸಾಟ್-1ಎ ಸೆಪ್ಟೆಂಬರ್ ಹೊತ್ತಿಗೆ ಕೈಕೊಟ್ಟಿತು. 1983ರ ಆಗಸ್ಟ್‌ನಲ್ಲಿ ಹೋದ ಇನ್ಸಾಟ್-1ಬಿ ಕೆಲಸಕ್ಕೆ ನಿಂತಿತು, ಅದರ ಬೆನ್ನಿಗೇ ದೂರದರ್ಶನ ದೇಶದ ಮೂಲೆಮೂಲೆಗೆ ಹಬ್ಬಿತು. ಉಪಗ್ರಹ ದಾರಿ ತಪ್ಪದಂತೆ ಕಾಯುತ್ತಿದ್ದ ದೊಡ್ಡ ತಟ್ಟೆಗಳು ಇದ್ದದ್ದು ಹಾಸನದಲ್ಲಿ. ಸುತ್ತಲಿನ ಹಳ್ಳಿಯವರಿಗೆ ಮಾತ್ರ ಟಿ.ವಿ. ಎಂದರೆ ಯಾರದೋ ಒಬ್ಬರ ಮನೆಯ ನಡುಮನೆ, ಬಾಗಿಲಾಚೆ ಬಿಟ್ಟ ಚಪ್ಪಲಿಗಳ ರಾಶಿ.

1990ರ ದಶಕದಲ್ಲಿ ಅದೇ ಟಿ.ವಿ.ಗೆ ಸಿಕ್ಕಿಸುವ ಗೇಮ್ ಪೆಟ್ಟಿಗೆ ಬಂತು. ಪೇಟೆಗಳಲ್ಲಿ ಗಂಟೆ ಲೆಕ್ಕದ ವಿಡಿಯೋ ಗೇಮ್ ಅಂಗಡಿಗಳು ತೆರೆದವು. ಆಮೇಲೆ ನೋಕಿಯಾ ಫೋನಿನ ಹಾವು. ಆದರೆ ಹಳ್ಳಿಯ ದಿನಚರಿಯನ್ನು ನಿಜಕ್ಕೂ ಅಲುಗಿಸಿದ್ದು ಈ ಯಾವುದೂ ಅಲ್ಲ, 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ತಂದ ಅಗ್ಗದ ಡೇಟಾ. ಅದೇ ವರ್ಷ ಮುಂಬೈನ ಕಂಪನಿಯೊಂದು ಲೂಡೋ ಕಿಂಗ್ ಬಿಟ್ಟಿತ್ತು. 2020ರ ಲಾಕ್‌ಡೌನಿನಲ್ಲಿ ಪಗಡೆಯ ವಂಶದ ಆ ಆಟ ಮನೆಮನೆ ಸೇರಿತು. ಫೋನು ತಾನೇ ದಾಳ ಉರುಳಿಸುತ್ತದೆ, ತಾನೇ ಎಣಿಸುತ್ತದೆ. ಓರೆ ಬೀಜದ ಜಗಳಕ್ಕೆ ಜಾಗವಿಲ್ಲ. ಬಿಡುವೂ ಬೇಕಿಲ್ಲ, ಹಾಲಿನ ಡೇರಿಯ ಸಾಲಿನಲ್ಲಿ ನಿಂತೇ ಆಡಬಹುದು. ಹುಡುಗರು ಫೋನಿನಲ್ಲಿ ಆಡುತ್ತಿದ್ದ ಪಬ್‌ಜಿಯನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ಇತರ ಆ್ಯಪ್‌ಗಳ ಜೊತೆ ನಿಷೇಧಿಸಿತು.

ಪಣದ ತಕರಾರು ಧರ್ಮರಾಯನ ಕಾಲದ್ದು. ಫೋನಿಗೂ ಅಂಟಿಕೊಂಡು ಬಂತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಒಂದೇ ಕಾಯ್ದೆ ಮಾಡಿತು: ಹಣದ ಆಟಕ್ಕೆ ನಿಷೇಧ, ಹಣವಿಲ್ಲದ ಆಟಕ್ಕೆ ಅಡ್ಡಿಯಿಲ್ಲ.