ಐಎನ್‌ಎಸ್‌ವಿ ಕೌಂಡಿನ್ಯ

ಐಎನ್‌ಎಸ್‌ವಿ ಕೌಂಡಿನ್ಯ: ಭಾರತೀಯ ನೌಕಾಪಡೆಯ ಹಾಯಿಹಡಗು. ಮರದ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಈ ಹಡಗು 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಪಡೆಗೆ ಸೇರಿತು. ಇದಕ್ಕೆ ಎಂಜಿನ್ ಇಲ್ಲ. ಭಾರತದಿಂದ ಕಡಲು ದಾಟಿ ಆಗ್ನೇಯ ಏಷ್ಯಾಕ್ಕೆ ಹೋದನೆಂದು ಐತಿಹ್ಯ ಹೇಳುವ ನಾವಿಕ ಕೌಂಡಿನ್ಯನ ಹೆಸರನ್ನು ಇದಕ್ಕೆ ಇಡಲಾಗಿದೆ.

ನೌಕಾಪಡೆಗೆ ಹಾಯಿಹಡಗು ಹೊಸದಲ್ಲ. ಗೋವಾ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ ಮೂರು ಹಾಯಿಕಂಬಗಳ ‘ತರಂಗಿಣಿ’ 1997ರಿಂದ ತರಬೇತಿ ಹಡಗಾಗಿದ್ದು, 2003–04ರಲ್ಲಿ ಭೂಪ್ರದಕ್ಷಿಣೆಯನ್ನೂ ಮಾಡಿದೆ. ಅದರ ತಂಗಿಯಂತಿರುವ ‘ಸುದರ್ಶಿನಿ’ 2012ರಲ್ಲಿ ಬಂತು. ರೇಡಾರ್, ಉಪಗ್ರಹಗಳ ಕಾಲದಲ್ಲೂ ಎಳೆಯ ಅಧಿಕಾರಿಗಳನ್ನು ಹಾಯಿಯ ಹಗ್ಗಕ್ಕೆ ಹಚ್ಚುವುದಕ್ಕೆ ಕಾರಣವಿದೆ. ಗಾಳಿಯ ದಿಕ್ಕು, ನೀರಿನ ಸೆಳೆತ, ಜೊತೆಗಾರನ ಕೈಬಲ ಇವನ್ನು ಅರಿಯದೆ ಹಾಯಿಹಡಗು ಮುಂದೆ ಸಾಗದು. ತರಂಗಿಣಿ, ಸುದರ್ಶಿನಿಗಳಲ್ಲಿ ಗಾಳಿ ಬಿದ್ದಾಗ ಎಂಜಿನ್ ನೆರವಿಗೆ ಬರುತ್ತದೆ. ಕೌಂಡಿನ್ಯದಲ್ಲಿ ಆ ಆಸರೆಯೂ ಇಲ್ಲ.

ಕ್ರಿ.ಶ. 5ನೇ ಶತಮಾನದ ಅಜಂತಾ ಚಿತ್ರವೊಂದರಲ್ಲಿ ಕಾಣುವ ಹಡಗೇ ಇದರ ಮೂಲ. ಅಂಥ ಹಡಗಿನ ನಕ್ಷೆಯಾಗಲಿ ಅವಶೇಷವಾಗಲಿ ಉಳಿದಿರಲಿಲ್ಲ. ಗೋಡೆಯ ಮೇಲಿನ ಬಣ್ಣದ ಚಿತ್ರದಿಂದಲೇ ಅಳತೆ, ಆಕಾರಗಳನ್ನು ಊಹಿಸಿ ವಿನ್ಯಾಸ ಮಾಡಬೇಕಾಯಿತು. ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಲು ಮದ್ರಾಸ್ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗ ನೆರವಾಯಿತು. ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಹೋಡಿ ಇನೋವೇಷನ್ಸ್ ನಡುವೆ 2023ರ ಜುಲೈನಲ್ಲಿ ಒಪ್ಪಂದವಾಗಿ, ಸೆಪ್ಟೆಂಬರ್‌ನಲ್ಲಿ ಕೆಲಸ ಶುರುವಾಯಿತು. ಹೊಲಿಗೆಯ ಹೊಣೆ ಹೊತ್ತವರು ಬಾಬು ಶಂಕರನ್ ನೇತೃತ್ವದ ಕೇರಳದ ಕುಶಲಕರ್ಮಿಗಳು.

ಹಲಗೆಯ ಅಂಚಿಗೆ ಅಂಚು ಕೂಡಿಸಿ, ಸಾಲಾಗಿ ತೂತು ಕೊರೆದು, ನಾರಿನ ಹುರಿ ಪೋಣಿಸಿ ಬಿಗಿಯುತ್ತಾರೆ. ಸಂದುಗಳಿಗೆ ತೆಂಗಿನ ನಾರು ತುರುಕಿ ರಾಳ ಬಳಿಯುತ್ತಾರೆ. ಮೊಳೆ ಹೊಡೆದ ಒಡಲು ಅಲೆಯ ಹೊಡೆತಕ್ಕೆ ಸೆಟೆದು ನಿಂತರೆ, ಹೊಲಿದ ಒಡಲು ಕೊಂಚ ಬಾಗಿ ಆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಪಶ್ಚಿಮ ಕರಾವಳಿಯವರು ಶತಮಾನಗಳ ಕಾಲ ಈ ಬಗೆಯ ಹಡಗುಗಳನ್ನು ನೆಚ್ಚಿದ್ದು ಸುಮ್ಮನೆ ಅಲ್ಲ. ಕೌಂಡಿನ್ಯಕ್ಕೆ ಚೌಕಾಕಾರದ ಹಾಯಿಗಳಿವೆ. ದಿಕ್ಕು ತಿರುಗಿಸಲು ಹಿಂಬದಿಯಲ್ಲಿ ದೊಡ್ಡ ಹುಟ್ಟುಗಳಿವೆ.

ಹಾಯಿಯ ಮೇಲೆ ಸೂರ್ಯನೊಂದಿಗೆ ಕನ್ನಡಿಗರಿಗೆಲ್ಲ ಪರಿಚಿತವಾದ ಗಂಡಭೇರುಂಡವಿದೆ. ಮೂತಿಯಲ್ಲಿ ಸಿಂಹಯಾಳಿಯ ಕೆತ್ತನೆ, ಅಟ್ಟದ ಮೇಲೆ ಹರಪ್ಪಾ ಮಾದರಿಯ ಕಲ್ಲಿನ ಲಂಗರು.

ಕಡಲಿನಿಂದ ದೂರದ ಬಾಗಲಕೋಟೆ ಜಿಲ್ಲೆಯಲ್ಲೂ ಹಳೆಯ ಹಡಗುಗಳ ನೆನಪಿದೆ. ಅಲ್ಲಿನ ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿದೆ. ಇಮ್ಮಡಿ ಪುಲಕೇಶಿ ಆನೆಗಳಂಥ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿ ಎಂಬ ನಗರವನ್ನು ಮುತ್ತಿದ ಸಂಗತಿಯನ್ನು ಅದು ಹೊಗಳುತ್ತದೆ. ಮಲಪ್ರಭೆಯ ದಡದ ಅರಸರಿಗೆ ಕಡಲ ಬಲ ಎಷ್ಟು ಮುಖ್ಯವಾಗಿತ್ತೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ. ಅಜಂತಾದ ಆ ಚಿತ್ರಕ್ಕೂ ಈ ಶಾಸನಕ್ಕೂ ನಡುವಿನ ಕಾಲದ ಅಂತರ ಬಹಳವೇನಿಲ್ಲ.

ತೀರದಲ್ಲಿ ಕಟ್ಟಿ ನಿಲ್ಲಿಸಿದ್ದರೆ ಕೌಂಡಿನ್ಯ ಚೆಂದದ ಪ್ರತಿಕೃತಿಯಷ್ಟೇ ಆಗುತ್ತಿತ್ತು. ಅದರ ಬೆಲೆ ಇರುವುದು ತೆರೆದ ಕಡಲನ್ನು ದಾಟಿದ್ದರಲ್ಲಿ. ಚಳಿಗಾಲದ ಈಶಾನ್ಯ ಮಾರುತದ ಹೊತ್ತು ನೋಡಿಕೊಂಡು 2025ರ ಡಿಸೆಂಬರ್ 29ರಂದು ಗುಜರಾತಿನ ಪೋರಬಂದರಿನಿಂದ ಹೊರಟ ಹಡಗು, 2026ರ ಜನವರಿ 14ರಂದು ಒಮಾನಿನ ಮಸ್ಕತ್ ಬಂದರನ್ನು ಸೇರಿತು.