ದೊಡ್ಡವರಾದ ಮೇಲೆ ಚೀನೀ ಭಾಷೆ ಕಲಿಯಲು ಆಗುವುದಿಲ್ಲವೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

"ಚೀನೀ ಭಾಷೆಯಲ್ಲಿ 50 ಸಾವಿರ ಅಕ್ಷರಗಳಿವೆ, ಚಿಕ್ಕಂದಿನಲ್ಲಿ ಕಲಿಯದಿದ್ದರೆ ಮುಗಿಯಿತು" ಎನ್ನುವ ಮೆಸೇಜ್ ಒಂದು ಕಡೆ. "30 ದಿನಗಳಲ್ಲಿ ಸರಾಗವಾಗಿ ಚೀನೀ ಮಾತನಾಡಿ, ಇಂದೇ ಹಣ ಕಟ್ಟಿ" ಎನ್ನುವ ಜಾಹೀರಾತು ಇನ್ನೊಂದು ಕಡೆ. ಮೊದಲನೆಯದನ್ನು ನಂಬಿದವರು ಕಲಿಯಲು ಶುರುವನ್ನೇ ಮಾಡುವುದಿಲ್ಲ. ಎರಡನೆಯದನ್ನು ನಂಬಿದವರು ಹಣ ಕಟ್ಟಿ, ತಿಂಗಳು ಕಳೆದ ಮೇಲೆ "ಇದು ನನ್ನ ತಲೆಗೆ ಹತ್ತುವುದಲ್ಲ" ಎಂದು ಕೈಬಿಡುತ್ತಾರೆ. ಎರಡೂ ಏಕೆ ತಪ್ಪು, ನಿಜಕ್ಕೂ ಕೆಲಸ ಮಾಡುವ ದಾರಿ ಯಾವುದು ಎಂದು ನೋಡೋಣ. ಇಲ್ಲಿ ನಾವು ಚೀನೀ ಎನ್ನುವುದು ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್ ಅನ್ನು.

ವಯಸ್ಸು ಅಡ್ಡಿಯೇ?

ಪೂರ್ತಿಯಾಗಿ ಅಲ್ಲ. ಚಿಕ್ಕಂದಿನಲ್ಲಿ ಕಲಿತವರಿಗೆ ಉಚ್ಚಾರಣೆ ಚೆನ್ನಾಗಿ ಬರುತ್ತದೆ ಎನ್ನುವುದು ನಿಜ. ಆದರೆ 1978ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಒಂದು ಅಧ್ಯಯನದಲ್ಲಿ, ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರ ಪೈಕಿ ಮೊದಲ ತಿಂಗಳುಗಳಲ್ಲಿ ವೇಗವಾಗಿ ಕಲಿತವರು ಹದಿಹರೆಯದವರು ಮತ್ತು ವಯಸ್ಕರು, ಪುಟ್ಟ ಮಕ್ಕಳಲ್ಲ. ನಿಯಮ ಹಿಡಿಯುವುದು, ಪಟ್ಟಿ ಮಾಡಿ ಅಭ್ಯಾಸ ಮಾಡುವುದು ದೊಡ್ಡವರಿಗೆ ಬರುತ್ತದೆ.

30 ದಿನ ಸಾಕೇ?

ಸಾಲದು. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯ ಲೆಕ್ಕದಲ್ಲಿ, ಇಂಗ್ಲಿಷ್ ಭಾಷಿಕರು ಕಚೇರಿ ಕೆಲಸ ನಿಭಾಯಿಸುವಷ್ಟು ಚೀನೀ ಕಲಿಯಲು ಸುಮಾರು 2,200 ಗಂಟೆಗಳ ತರಗತಿ ಬೇಕು. ಸ್ಪ್ಯಾನಿಷ್‌ಗೆ 600ರಿಂದ 750 ಗಂಟೆ ಸಾಕು. ದಿನಕ್ಕೆ ಒಂದು ಗಂಟೆಯಂತೆ 2,200 ಗಂಟೆ ಎಂದರೆ ಆರು ವರ್ಷ! ಹೆದರಬೇಡಿ, ಇದು ಉನ್ನತ ಮಟ್ಟದ ಲೆಕ್ಕ. ಪರಿಚಯ ಹೇಳಲು, ಬೆಲೆ ಕೇಳಲು, ದಾರಿ ವಿಚಾರಿಸಲು ಇಷ್ಟೆಲ್ಲ ಬೇಡ. ಆದರೆ ಒಂದು ತಿಂಗಳಲ್ಲಿ "ಸರಾಗ" ಎಂದು ಯಾರಾದರೂ ಹೇಳಿದರೆ ಹಣ ಕಟ್ಟಬೇಡಿ.

ಮೊದಲು ಕಿವಿ, ಆಮೇಲೆ ಅಕ್ಷರ

ಕನ್ನಡದಲ್ಲಿ ದನಿ ಏರಿಸಿದರೆ ಮಾತಿನ ಭಾವ ಬದಲಾಗುತ್ತದೆ, ಪದದ ಅರ್ಥ ಬದಲಾಗುವುದಿಲ್ಲ. ಚೀನೀಯಲ್ಲಿ ಅರ್ಥವೇ ಬದಲಾಗುತ್ತದೆ. ಅದರಲ್ಲಿ ನಾಲ್ಕು ಸ್ವರಗತಿಗಳಿವೆ: ಎತ್ತರದಲ್ಲಿ ಸಮನಾಗಿರುವುದು, ಏರುವುದು, ತಗ್ಗಿನಲ್ಲಿರುವುದು, ಥಟ್ಟನೆ ಇಳಿಯುವುದು. ಇವಲ್ಲದೆ ಒತ್ತಿಲ್ಲದ ಹಗುರ ದನಿಯೂ ಇದೆ. "ಮಾಯ್" ಎಂದು ತಗ್ಗಿನ ದನಿಯಲ್ಲಿ ಹೇಳಿದರೆ "ಕೊಳ್ಳು", ಥಟ್ಟನೆ ಇಳಿಸಿ ಹೇಳಿದರೆ "ಮಾರು". ವ್ಯಾಪಾರಕ್ಕೆ ಹೋದವರಿಗೆ ಈ ವ್ಯತ್ಯಾಸ ಸಣ್ಣದಲ್ಲ!

ಇದನ್ನು ದೊಡ್ಡವರ ಕಿವಿಯೂ ಕಲಿಯುತ್ತದೆ. 1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆ ಎರಡು ವಾರಗಳಲ್ಲಿ ಎಂಟು ಸಲ, ಬೇರೆ ಬೇರೆ ಜನರ ದನಿಯಲ್ಲಿ ಈ ಸ್ವರಗತಿಗಳನ್ನು ಕೇಳಿಸಿ ಗುರುತಿಸಲು ಹೇಳಲಾಯಿತು. ಸರಿಯುತ್ತರಗಳ ಪ್ರಮಾಣ ಶೇ 21ರಷ್ಟು ಏರಿತು, ಆರು ತಿಂಗಳ ನಂತರವೂ ಆ ಸುಧಾರಣೆ ಉಳಿದಿತ್ತು. ಹಾಗಾಗಿ ಒಬ್ಬರೇ ಶಿಕ್ಷಕರ ವಿಡಿಯೋಗೆ ಅಂಟಿಕೊಳ್ಳಬೇಡಿ, ಹಲವರ ದನಿ ಕೇಳಿ. ಪದ ಕಲಿಯುವಾಗಲೇ ಅದರ ಸ್ವರಗತಿಯನ್ನೂ ಕಲಿಯಿರಿ, "ಆಮೇಲೆ ಸರಿಮಾಡಿಕೊಳ್ಳೋಣ" ಎನ್ನಬೇಡಿ.

ಕನ್ನಡಿಗರಿಗೆ ಇರುವ ಅನುಕೂಲ

ಚೀನೀ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿ 1958ರಲ್ಲಿ ಜಾರಿಗೆ ಬಂತು. ಇಲ್ಲೊಂದು ಎಡವಟ್ಟಿದೆ. ಪಿನ್‌ಯಿನ್‌ನ "ಬಿ" ಅಕ್ಷರದ ಉಚ್ಚಾರ "ಬ" ಅಲ್ಲ, ನಮ್ಮ "ಪ"ಗೆ ಹತ್ತಿರ. "ಪಿ" ಅಕ್ಷರದ್ದು "ಫಲ" ಪದದ ಮಹಾಪ್ರಾಣ "ಫ"ಗೆ ಹತ್ತಿರ ("ಫೋನ್"ನ "ಫ" ಅಲ್ಲ). ಹಾಗೆಯೇ "ಜಿ" ಎಂದರೆ "ಕ", "ಕೆ" ಎಂದರೆ "ಖ". ಇಳಿಯುವ ದನಿಯ "ಪಾ" ಎಂದರೆ ಅಪ್ಪ, ಅದೇ ದನಿಯ "ಫಾ" ಎಂದರೆ ಹೆದರು. ಅಲ್ಪಪ್ರಾಣ, ಮಹಾಪ್ರಾಣಗಳಿಗೆ ಬೇರೆ ಬೇರೆ ಅಕ್ಷರ ಬರೆದು ಬೆಳೆದ ನಮಗೆ ಇದು ಹೊಸದಲ್ಲ. ಆದರೆ ಆಡುಮಾತಿನಲ್ಲಿ ಮಹಾಪ್ರಾಣ ನುಂಗುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ವಾಕ್ಯರಚನೆಯಲ್ಲೂ ಸ್ವಲ್ಪ ಸಹಾಯವಿದೆ. "ನಾನು ನಿನ್ನೆ ಕೊಂಡ ಪುಸ್ತಕ" ಎನ್ನಲು ಚೀನೀಯಲ್ಲೂ ಪದಗಳ ಕ್ರಮ ಇದೇ. "ನೀನು ಬರುತ್ತೀಯಾ?" ಎನ್ನುವಾಗ ಕೊನೆಗೆ "ಆ" ಸೇರಿಸುವಂತೆ ಅಲ್ಲಿ ವಾಕ್ಯದ ಕೊನೆಗೆ "ಮಾ" ಸೇರಿಸುತ್ತಾರೆ. ಕ್ರಿಯಾಪದಕ್ಕೆ ಲಿಂಗ, ವಚನಗಳ ಪ್ರತ್ಯಯವೇ ಇಲ್ಲ. ಆದರೆ "ನಾನು ಅನ್ನ ತಿನ್ನುತ್ತೇನೆ" ಎನ್ನುವುದು "ನಾನು ತಿನ್ನು ಅನ್ನ" ಆಗುತ್ತದೆ.

50 ಸಾವಿರ ಅಕ್ಷರ ಬಾಯಿಪಾಠ ಮಾಡಬೇಕೇ?

ಬೇಡ. ಹಳೆಯ ಕಾಂಗ್‌ಶಿ ನಿಘಂಟಿನಲ್ಲಿ 47 ಸಾವಿರ ಅಕ್ಷರಗಳಿರುವುದು ನಿಜ, ಆದರೆ ಅಷ್ಟೂ ಗೊತ್ತಿರುವ ಚೀನೀಯರು ಸಿಗುವುದಿಲ್ಲ. ಚೀನಾ ಸರ್ಕಾರದ 2013ರ ಪಟ್ಟಿಯಲ್ಲಿರುವುದು 8,105 ಅಕ್ಷರ, ಅದರಲ್ಲಿ ಅತಿ ಬಳಕೆಯವು 3,500. ಹೆಚ್ಚು ಬಳಕೆಯ ಒಂದು ಸಾವಿರ ಕಲಿತರೆ ಸಾಮಾನ್ಯ ಬರಹದ ಸುಮಾರು ಶೇ 90ರಷ್ಟು ಅಕ್ಷರಗಳ ಗುರುತು ಸಿಗುತ್ತದೆ.

"ಪ್ರತಿ ಅಕ್ಷರವೂ ಒಂದು ಚಿತ್ರ" ಎನ್ನುವುದೂ ತಪ್ಪು. ಬಹುಪಾಲು ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಭಾಗ ಉಚ್ಚಾರದ ಸುಳಿವು. ಅಮ್ಮ ಎನ್ನುವ ಅಕ್ಷರದ ಎಡಕ್ಕೆ "ಹೆಣ್ಣು", ಬಲಕ್ಕೆ "ಕುದುರೆ" ಇದೆ. ಅಮ್ಮನಿಗೂ ಕುದುರೆಗೂ ಸಂಬಂಧವಿಲ್ಲ, ಕುದುರೆಯ ಉಚ್ಚಾರವೂ "ಮಾ" ಎನ್ನುವುದಷ್ಟೇ ಕಾರಣ.

"ಚೀನೀಯಲ್ಲಿ ಬಿಕ್ಕಟ್ಟು ಎಂದರೆ ಅಪಾಯ ಮತ್ತು ಅವಕಾಶ" ಎನ್ನುವ ಫಾರ್ವರ್ಡ್ ನೀವೂ ನೋಡಿರಬಹುದು. ಆ ಪದದ ಎರಡನೇ ಅಕ್ಷರಕ್ಕೆ ಅಲ್ಲಿ "ನಿರ್ಣಾಯಕ ಗಳಿಗೆ" ಎಂಬ ಅರ್ಥ ಹೆಚ್ಚು ಸರಿ. ಅದೇ ಅಕ್ಷರ ಮೊಬೈಲ್, ವಿಮಾನ ಎನ್ನುವ ಪದಗಳಲ್ಲೂ ಇದೆ, ಅಲ್ಲಿ ಅದರ ಅರ್ಥ "ಯಂತ್ರ". ಆದ್ದರಿಂದ ಬಿಡಿ ಅಕ್ಷರ ಕಲಿಯುವುದಕ್ಕಿಂತ ಪೂರ್ತಿ ಪದ ಕಲಿಯುವುದು ಲಾಭ. ಫೋನಿನಲ್ಲಿ ಪಿನ್‌ಯಿನ್ ಟೈಪ್ ಮಾಡಿದರೆ ಅಕ್ಷರಗಳು ತಾವೇ ಮೂಡುತ್ತವೆ, ಸರಿಯಾದದ್ದನ್ನು ಗುರುತಿಸಿ ಆರಿಸಿದರಾಯಿತು.

ಕಲಿತದ್ದು ಮರೆಯದಿರಲು

ಕಲಿತದ್ದು ಬೇಗ ಮರೆಯುವುದನ್ನು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದರು. ಮದ್ದು ಎರಡು. ಒಂದು, ಬಿಡುವು ಕೊಟ್ಟು ಓದುವುದು: ಇಂದು ಕಲಿತ ಪದವನ್ನು ನಾಳೆ, ನಾಲ್ಕು ದಿನ ಬಿಟ್ಟು, ಮತ್ತೆ ಹತ್ತು ದಿನ ಬಿಟ್ಟು ನೋಡಿ. ಎರಡು, ಉತ್ತರ ಮುಚ್ಚಿಟ್ಟು ನೆನಪಿಸಿಕೊಳ್ಳುವುದು. ಸುಮ್ಮನೆ ಮತ್ತೆ ಮತ್ತೆ ಓದುವುದಕ್ಕಿಂತ ಇದರಿಂದ ಹೆಚ್ಚು ಕಾಲ ನೆನಪಿರುತ್ತದೆ. ಆಂಕಿ ಎಂಬ ಆ್ಯಪ್ ಈ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಭಾನುವಾರ ಒಂದೇ ಸಲ ಮೂರು ಗಂಟೆ ಕೂರುವುದಕ್ಕಿಂತ ದಿನಾ ಅರ್ಧ ಗಂಟೆ ಮೇಲು.

ಕೊನೆಯ ಮಾತು

"ದೊಡ್ಡವರಿಗೆ ಚೀನೀ ಬರುವುದಿಲ್ಲ" ಎನ್ನುವುದು ಸುಳ್ಳು. "30 ದಿನ ಸಾಕು" ಎನ್ನುವುದೂ ಸುಳ್ಳು. ಮೊದಲು ಕಿವಿ ಪಳಗಿಸಿ, ಪದಗಳಾಗಿ ಕಲಿಯಿರಿ, ದಿನಾ ಸ್ವಲ್ಪ ನೆನಪಿಸಿಕೊಳ್ಳಿ. ನಿಮ್ಮ ಗ್ರೂಪಿನಲ್ಲಿ ಇಂಥ ಮೆಸೇಜ್ ಬಂದರೆ ಅದರ ಕೆಳಗೆ ಈ ಲೇಖನ ಹಾಕಿ. ಯಾರದೋ ಹಣ ಉಳಿಯಬಹುದು, ಯಾರೋ ಕಲಿಯಲು ಶುರುಮಾಡಲೂಬಹುದು.